ನಾಲ್ಕನೇ ಜಾಗದ ಡೆಕ್ಲನ್

2021ರ ಬೇಸಿಗೆಯಲ್ಲಿ ನಾನು ಐರ್ಲೆಂಡಿನ ಗಾಲ್ವೇ ಊರಾಚೆಯ ಒಂದು ಮೆಡಿಕಲ್ ಡಿವೈಸ್ ಕಾರ್ಖಾನೆಯಲ್ಲಿ ಸೀನಿಯರ್ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಹೃದಯದ ರಕ್ತನಾಳದೊಳಗೆ ತೂರಿಸುವ ಕ್ಯಾತಿಟರ್ ಎಂಬ ಸಪೂರ ಕೊಳವೆಗಳನ್ನು ನಾವು ಮಾಡುತ್ತಿದ್ದೆವು. ಅದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ರೋಗಿಯ ಜೀವಕ್ಕೆ ಕುತ್ತು. ಅಂಥದ್ದು ಹೊರಗೆ ಹೋಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಮೈಸೂರು ಬಿಟ್ಟು ಬಂದು ಹದಿನಾಲ್ಕು ವರ್ಷವಾಗಿತ್ತು, ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಬಂದಿತ್ತು. ಆ ಜಂಬ ಇಳಿದದ್ದು ಕಾರ್ಖಾನೆಯಲ್ಲಲ್ಲ, ಅದರ ಹಿಂದಿನ ಹುಲ್ಲುಗಾವಲಿನಲ್ಲಿ.

ಕೋವಿಡ್ ನಿಯಮದ ಪ್ರಕಾರ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರ ಹತ್ತಿರ ಸುಳಿಯುವಂತಿರಲಿಲ್ಲ. ಕ್ಯಾಂಟೀನು ಮುಚ್ಚಿತ್ತು, ಎಲ್ಲರೂ ಅವರವರ ಕಾರಿನಲ್ಲೇ ಕೂತು ಊಟ ಮಾಡುತ್ತಿದ್ದೆವು. ಬಯಲಿನಲ್ಲಿ ಮಾತ್ರ ಶಿಫ್ಟಿನವರು ಪರಸ್ಪರ ಆಡಬಹುದು ಎಂದು ಅನುಮತಿ ಸಿಕ್ಕ ಕೂಡಲೇ ನಮ್ಮ ಶಿಫ್ಟ್ ಮ್ಯಾನೇಜರ್ ಟಾಡ್ ಒಂದು ಬೇಸ್‌ಬಾಲ್ ತಂಡ ಕಟ್ಟಿದರು. ಅವರು ಅಮೆರಿಕದವರು, ಆ ಆಟವೆಂದರೆ ಪ್ರಾಣ. ಒಂಬತ್ತು ಜನ ಸರಿಯಾಗಿ ಸಿಕ್ಕರು. ಮಂಡಿ ನೋವಿನ ನನಗೆ ಸ್ಕೋರ್ ಬರೆಯುವ ಕೆಲಸ ಬಂತು. ಅದು ನನಗೆ ಹೊಸದಲ್ಲ. ನನ್ನ ಅಪ್ಪ ಬ್ಯಾಂಕಿನ ಕ್ರಿಕೆಟ್ ತಂಡಕ್ಕೆ ಸ್ಕೋರರ್ ಆಗಿದ್ದರು, ಒಂದೊಂದು ಚೆಂಡಿಗೂ ಲೆಕ್ಕ ಇಡುವುದನ್ನು ಅವರಿಂದ ಕಲಿತಿದ್ದೆ. ಬ್ಯಾಟಿಂಗ್ ಕ್ರಮ ಬರೆಯುವ ಹೊಣೆಯೂ ನನ್ನ ತಲೆಗೇ ಬಂತು, ಯಾಕೆಂದರೆ ಅದನ್ನು ಬರೆದು ನಿಷ್ಠುರ ಕಟ್ಟಿಕೊಳ್ಳಲು ಬೇರೆ ಯಾರೂ ತಯಾರಿರಲಿಲ್ಲ.

ಕ್ರಿಕೆಟ್‌ನಲ್ಲಿ ನಾಯಕ ಮನಸ್ಸು ಬಂದಂತೆ ಯಾರನ್ನಾದರೂ ಮುಂದೆ ಕಳಿಸಬಹುದು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಒಂಬತ್ತು ಹೆಸರು ಬರೆದು ಅಂಪೈರ್ ಕೈಗೆ ಕೊಟ್ಟರೆ ಮುಗಿಯಿತು, ಅದೇ ಸರದಿಯಲ್ಲಿ ಸುತ್ತುತ್ತಿರಬೇಕು. ನಾಲ್ಕನೇ ಜಾಗ ಮರ್ಯಾದೆಯದು. ಮೊದಲ ಮೂವರು ಓಟದ ದಾರಿಯ ಬೇಸ್‌ಗಳಲ್ಲಿ ನಿಂತು ಕಾಯುತ್ತಿರುತ್ತಾರೆ, ಬಲವಾಗಿ ಹೊಡೆದು ಅವರನ್ನೆಲ್ಲ 'ಮನೆ', ಅಂದರೆ ಓಟ ಶುರುವಾದ ಜಾಗ, ಮುಟ್ಟಿಸುವವನು ನಾಲ್ಕನೆಯವನು. ನಮ್ಮಲ್ಲಿ ಆ ಜಾಗ ಡೆಕ್ಲನ್ ಅವರದು.

ಡೆಕ್ಲನ್‌ಗೆ ಅರವತ್ತೆರಡು ವರ್ಷ. ಸಣ್ಣವರಿದ್ದಾಗಿನಿಂದ ಹರ್ಲಿಂಗ್ ಎಂಬ ಐರಿಶ್ ಆಟ ಆಡಿ, ಗಾಳಿಯಲ್ಲಿರುವ ಚೆಂಡನ್ನು ಕೋಲಿನಿಂದ ಬಾರಿಸಿ ಪಳಗಿದ ಕೈ. ಕಾರ್ಖಾನೆಯಲ್ಲಿ ಅವರು ಫೈನಲ್ ಇನ್‌ಸ್ಪೆಕ್ಟರ್. ಇಪ್ಪತ್ತಾರು ವರ್ಷದಿಂದ ಮೈಕ್ರೋಸ್ಕೋಪ್ ಮುಂದೆ ಕೂತು, ಬಿರುಕಿರುವ ಕೊಳವೆಗಳನ್ನು ಕೆಂಪು ಟ್ರೇಗೆ ಹಾಕುವ ಕೆಲಸ. ಏನು ಕೇಳಿದರೂ 'ಗ್ರ್ಯಾಂಡ್' ಎಂಬ ಒಂದೇ ಉತ್ತರ, ಅಂದರೆ ಎಲ್ಲ ಚೆನ್ನಾಗಿದೆ ಎಂದು. ಜೂನ್‌ನಲ್ಲಿ ಅವರು ಬಾರಿಸಿದ ಚೆಂಡುಗಳನ್ನು ಬೇಲಿಯಾಚೆ ಹುಡುಕುವುದೇ ನಮಗೆ ಕೆಲಸವಾಗಿತ್ತು. ಜುಲೈ ಬಂದದ್ದೇ ಬ್ಯಾಟಿಗೆ ಚೆಂಡು ತಾಗುವುದೇ ನಿಂತುಹೋಯಿತು.

ಆಗಸ್ಟ್ ಕೊನೆಯಲ್ಲಿ ಇನ್ನೊಂದು ಶಿಫ್ಟಿನವರ ಜೊತೆ ಪಂದ್ಯವಿತ್ತು. ಊಟದ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ಕಾರಿನ ಗಾಜು ಇಳಿಸಿಕೊಂಡು ವಾದ ಶುರುವಾಗುತ್ತಿತ್ತು. ಬೆಂಗಳೂರಿನ ಸುಹಾಸ್ ನಮ್ಮ ಆಟೋಮೇಶನ್ ಎಂಜಿನಿಯರ್, ಕ್ರಿಕೆಟ್ ಹುಚ್ಚ. ಅವನು ಬಿಡುವವನಲ್ಲ.

"ಮೇಡಂ, ಸೆಂಟಿಮೆಂಟ್ ಬಿಡಿ. ಜುಲೈನಿಂದ ಇಪ್ಪತ್ತೊಂದು ಸಲ ಬ್ಯಾಟ್ ಹಿಡಿದಿದಾರೆ, ಎರಡೇ ಹಿಟ್. ವಯಸ್ಸಾಯ್ತು, ಕೈ ನಿಧಾನ ಆಗಿದೆ. ಒಂಬತ್ತಕ್ಕೆ ಹಾಕಿ."

ಜೂನ್‌ನಲ್ಲಿ ಹಾಗೆ ಹೊಡೆದ ಮನುಷ್ಯ ಒಂದೇ ತಿಂಗಳಲ್ಲಿ ಆಟ ಮರೆಯುವುದಿಲ್ಲ ಎಂದು ಟಾಡ್ ಪಟ್ಟು ಹಿಡಿದರು. ಡೆಕ್ಲನ್ ಮಾತ್ರ ಎಲ್ಲಿ ಹಾಕಿದರೂ ಗ್ರ್ಯಾಂಡ್ ಎಂದು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಾನು ಒಳಗೊಳಗೇ ಸುಹಾಸನ ಕಡೆಗಿದ್ದೆ. ಆದರೂ ಇಷ್ಟು ವರ್ಷದ ಸಹೋದ್ಯೋಗಿಯನ್ನು ಕೆಳಗಿಳಿಸುವ ಮುಂಚೆ ಲೆಕ್ಕ ತೋರಿಸಬೇಕು ಎಂದು ಸ್ಕೋರ್ ಪುಸ್ತಕ ತೆರೆದು ಕೂತೆ.

ಬೇಸ್‌ಬಾಲ್ ಸ್ಕೋರರ್‌ಗಳು ಬೇಡವೆನ್ನುವ ಒಂದು ಕಾಲಂ ನನ್ನ ಪುಸ್ತಕದಲ್ಲಿತ್ತು. ಬೀಸಿ ತಪ್ಪಿದ ಪ್ರತಿ ಚೆಂಡಿನ ಪಕ್ಕದಲ್ಲೂ, ತಡವಾಗಿ ಬೀಸಿದರೆ 'ತ', ಬೇಗ ಬೀಸಿದರೆ 'ಬೇ' ಎಂದು ಬರೆಯುತ್ತಿದ್ದೆ. ಅಪ್ಪನ ಅಭ್ಯಾಸ ಅದು. ಸುಹಾಸ್ ಹೇಳಿದಂತೆ ಕೈ ನಿಧಾನವಾಗಿದ್ದರೆ ಪುಟ ತುಂಬ 'ತ' ಇರಬೇಕಿತ್ತು. ಜುಲೈನಿಂದ ಈಚಿನದನ್ನು ಎಣಿಸಿದರೆ ಇಪ್ಪತ್ತೆರಡು 'ತ', ಇಪ್ಪತ್ತೊಂದು 'ಬೇ'. ವಯಸ್ಸಾದ ಕೈ ಅರ್ಧಕ್ಕರ್ಧ ಸಲ ಅವಸರ ಮಾಡುವುದಿಲ್ಲ. ಚೆಂಡು ಎಷ್ಟು ದೂರದಲ್ಲಿದೆ ಎಂಬುದೇ ಈ ಮನುಷ್ಯನಿಗೆ ತಿಳಿಯುತ್ತಿರಲಿಲ್ಲ. ನನ್ನ ಅಮ್ಮನಿಗೆ ಒಂದು ಕಣ್ಣಿಗೆ ಪೊರೆ ಬಂದಾಗ ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸುತ್ತಿದ್ದದ್ದು ನೆನಪಾಯಿತು.

ಆಟ ಹಾಳಾಗಲಿ, ಆ ಕಣ್ಣು ದಿನಕ್ಕೆ ಎಂಟು ಗಂಟೆ ಮೈಕ್ರೋಸ್ಕೋಪ್ ಮುಂದೆ ಕೂರುತ್ತಿತ್ತು. ಒಳಗೆ ಓಡಿ ಅವರ ಟೇಬಲ್ಲಿನ ದಾಖಲೆ ತೆಗೆದೆ. ಜುಲೈನಿಂದ ಅವರು ತಿರಸ್ಕರಿಸಿದ ಕೊಳವೆಗಳು ಅರ್ಧಕ್ಕೆ ಇಳಿದಿದ್ದವು. ಯೀಲ್ಡ್ ಎಂದರೆ ನೂರಕ್ಕೆ ಎಷ್ಟು ಮಾಲು ಪಾಸಾಯಿತು ಎಂಬ ಲೆಕ್ಕ; ಅದು ಏರಿತ್ತು. ಏರಿದ್ದನ್ನು ಕಂಡು ಖುಷಿಪಟ್ಟು ಅಭಿನಂದನೆಯ ಇಮೇಲ್ ಕಳಿಸಿದ್ದವಳು ನಾನೇ. ಇನ್ನೂ ಒಂದಿತ್ತು. ಇನ್‌ಸ್ಪೆಕ್ಟರ್‌ಗಳಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ಕೋವಿಡ್‌ನಿಂದ ಪರೀಕ್ಷೆ ಮಾಡುವವರು ಒಳಗೆ ಬರುವಂತಿರಲಿಲ್ಲ ಎಂದು ಅದನ್ನು ಎರಡು ಸಲ ಮುಂದೂಡಿದ್ದರು. ಎರಡು ಕಾಗದದ ಮೇಲೂ ನನ್ನ ಸಹಿ ಇತ್ತು.

ಡೆಕ್ಲನ್ ಕಾರಿನ ಪಕ್ಕ ನನ್ನ ಕಾರು ನಿಲ್ಲಿಸಿ ಗಾಜು ಇಳಿಸಿದೆ. ಕಣ್ಣು ಹೇಗಿದೆ ಎಂದು ನೇರವಾಗಿ ಕೇಳಿದೆ. ಗ್ರ್ಯಾಂಡ್ ಎಂದರು. ನಾನು ಸ್ಕೋರ್ ಪುಸ್ತಕ ಎತ್ತಿ ಹಿಡಿದು ಆ ಕಾಲಂ ವಿವರಿಸಿದೆ.

"ಎಡಗಣ್ಣಿಗೆ ಮಂಜು ಕವಿದ ಹಾಗಿದೆ," ಎಂದರು. "ಹೇಳಿದರೆ ಆ ಕುರ್ಚಿಯಿಂದ ಎಬ್ಬಿಸುತ್ತೀರಿ. ರಿಟೈರ್ ಆಗೋಕೆ ಇನ್ನೂ ಮೂರು ವರ್ಷ ಇದೆ, ನನಗೆ ಬೇರೆ ಕೆಲಸ ಬರಲ್ಲ."

ಮಾಲನ್ನು ಈಗಲೇ ತಡೆಯಬೇಕು, ಆದರೆ ವರದಿಯಲ್ಲಿ ಮೊದಲು ಬರುವ ಹೆಸರು ನನ್ನದು ಎಂದೆ. ಅವರು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬಹುದಿತ್ತು. ನನ್ನ ಕೈಯಲ್ಲಿದ್ದದ್ದು ಒಂದು ಆಟದ ಪುಸ್ತಕ, ಅಷ್ಟೇ. ಅವರು ಕಾರಿನಿಂದಿಳಿದು ನನ್ನ ಜೊತೆ ಒಳಗೆ ಬಂದರು. ಯಾವ ವಾರ ಮಸುಕು ಶುರುವಾಯಿತು, ಯಾವತ್ತಿನಿಂದ ಒಂದೇ ಕಣ್ಣಲ್ಲಿ ನೋಡಿದರು ಎಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಒಂದೊಂದಾಗಿ ಹೇಳಿದರು. ಅದರಿಂದಲೇ ಯಾವ ಹನ್ನೊಂದು ಲಾಟ್‌ಗಳನ್ನು, ಅಂದರೆ ಒಟ್ಟಿಗೆ ತಯಾರಾದ ಕಂತುಗಳನ್ನು, ತಡೆಯಬೇಕು ಎಂದು ಗೊತ್ತಾಯಿತು. ಆ ಮಧ್ಯಾಹ್ನ ನನಗೆ ಅವರ ಮೇಲೆ ಹುಟ್ಟಿದ ಕೃತಜ್ಞತೆ ಇವತ್ತಿಗೂ ಕರಗಿಲ್ಲ.

ಆಸ್ಪತ್ರೆಗಳು ಆಪರೇಶನ್‌ಗಳನ್ನು ಮುಂದಕ್ಕೆ ಹಾಕಿದ್ದರಿಂದ ಆ ಹನ್ನೊಂದೂ ಗೋದಾಮಿನಲ್ಲೇ ಕೂತಿದ್ದವು. ಐದು ದಿನ ಮತ್ತೆ ಪರೀಕ್ಷಿಸಿದೆವು. ಆರು ಕೊಳವೆಗಳಲ್ಲಿ ಬಿರುಕು ಸಿಕ್ಕಿತು. ಒಂದೂ ಯಾವ ರೋಗಿಯನ್ನೂ ತಲುಪಿರಲಿಲ್ಲ ಎಂದು ಖಾತ್ರಿಯಾದಾಗ ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಮೀಟಿಂಗಿನಲ್ಲಿ ಕಾರ್ಖಾನೆಯ ಮುಖ್ಯಸ್ಥರು, 'ಕೆಲಸಗಾರ ಮುಚ್ಚಿಟ್ಟ' ಎಂದು ಬರೆದರೆ ವರದಿ ಒಂದೇ ಸಾಲಿನಲ್ಲಿ ಮುಗಿಯುತ್ತದಲ್ಲ ಎಂದರು. ಹಾಗೆ ಬರೆದರೆ ಡೆಕ್ಲನ್ ಕೆಲಸ ಹೋಗುತ್ತಿತ್ತು.

"ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ," ಎಂದೆ. "ನನ್ನ ಎರಡೂ ಕಣ್ಣು ಚೆನ್ನಾಗಿದ್ದವು, ಆದರೂ ನನಗೆ ಕಾಣಲಿಲ್ಲ. ಮೊದಲು ಅದನ್ನು ಬರೆಯುತ್ತೇನೆ."

ಟಾಡ್ ನನ್ನ ಪರವಾಗಿ ನಿಂತರು. ಡೆಕ್ಲನ್‌ಗೆ ಲಿಖಿತ ಎಚ್ಚರಿಕೆ ಬಂತು, ನನಗೂ ಬಂತು, ಕೆಲಸ ಉಳಿಯಿತು. ಹೊಸಬರಿಗೆ ತರಬೇತಿ ಕೊಡಲು ಅವರನ್ನು ಹಾಕಿದರು. ಪಂದ್ಯದಲ್ಲಿ ನಾಲ್ಕನೇ ಜಾಗಕ್ಕೆ ಸುಹಾಸ್ ಬಂದ, ಒಂಬತ್ತನೆಯವಳಾಗಿ ಮಂಡಿಗೆ ಪಟ್ಟಿ ಸುತ್ತಿಕೊಂಡು ನಾನೇ ನಿಂತೆ. ಒಂದು ಚೆಂಡೂ ತಾಗಲಿಲ್ಲ, ಚೆನ್ನಾಗಿ ಸೋತೆವು. ಇಲ್ಲಿ ಪೊರೆ ತೆಗೆಸುವ ಸರದಿ ಬಹಳ ಉದ್ದವಿದ್ದುದರಿಂದ ಡೆಕ್ಲನ್ ಗಡಿಯಾಚೆಯ ಬೆಲ್‌ಫಾಸ್ಟ್‌ಗೆ ಹೋಗಿ ಮಾಡಿಸಿಕೊಂಡರು. ಬಸ್ಸಿಗೆ ಬಿಟ್ಟು ವಾಪಸ್ ಕರೆತಂದವನು ಸುಹಾಸ್. ವಯಸ್ಸಾಯ್ತು ಎಂದಿದ್ದಕ್ಕೆ ಅವನು ದಾರಿಯುದ್ದಕ್ಕೂ ಕ್ಷಮೆ ಕೇಳಿದನಂತೆ.

ನವೆಂಬರ್‌ನಲ್ಲಿ ಕಣ್ಣಿನ ಪರೀಕ್ಷೆ ಪಾಸಾಗಿ ಅವರು ಹಳೆಯ ಕುರ್ಚಿಗೆ ಮರಳಿದರು. ನಾನೀಗ ನಿವೃತ್ತಳು. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಉಳಿದದ್ದು ಇಷ್ಟು: ಇಳಿದ ಅಂಕಿಯನ್ನು ಯಾರು ಬೇಕಾದರೂ ಪ್ರಶ್ನಿಸುತ್ತಾರೆ, ಏರಿದ್ದನ್ನೂ ಪ್ರಶ್ನಿಸಬೇಕು, ಮತ್ತು ಕಾಣುತ್ತಿಲ್ಲ ಎಂದು ಒಬ್ಬ ಮನುಷ್ಯ ಹೆದರದೆ ಹೇಳುವಂಥ ಜಾಗವಾಗಿ ಕಾರ್ಖಾನೆ ಇರಬೇಕು.

ಮರಳಿದ ಮೊದಲ ದಿನವೇ ಡೆಕ್ಲನ್ ಒಂಬತ್ತು ಕೊಳವೆಗಳನ್ನು ಕೆಂಪು ಟ್ರೇಗೆ ಹಾಕಿದರು. ಯೀಲ್ಡ್ ದಡಕ್ಕನೆ ಇಳಿಯಿತು. ನನ್ನನ್ನು ಕರೆದು, ಒಂದನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿ ಎಂದರು. ನೋಡಿದೆ, ಏನೂ ಕಾಣಲಿಲ್ಲ. ಇನ್ನೊಮ್ಮೆ ನೋಡಿದೆ. ಮೂರನೇ ಸಲಕ್ಕೆ ಆ ಗೆರೆ ಕಾಣಿಸಿತು, ಕೂದಲಿಗಿಂತ ಸಣ್ಣದು.