ಇಪ್ಪತ್ತೈದು ನಿಮಿಷದ ಲೆಕ್ಕ

ಮೋಹನದಾಸರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರು ಕಡಿಮೆ. ಬಂದರಿನ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ಅವರ ಪುಟ್ಟ ಕಚೇರಿ. ಅಲ್ಲಿ ಒಳ್ಳೆಯ ಕುರ್ಚಿಯೇನೋ ಇದೆ, ಅದರ ಮೇಲೆ ಬಂದವರ ಚೀಲ ಕೂರುತ್ತದೆ. ಯಜಮಾನರು ಮಾತ್ರ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ವಯಸ್ಸು ಐವತ್ತೆಂಟಾದರೂ ಕಾಲಿಗೆ ಕಟ್ಟಿಕೊಂಡ ಚಕ್ರ ಬಿಚ್ಚಿಲ್ಲ.

ಕಬ್ಬಿಣ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಅದು ಮುರಿಯುವ ಮೊದಲೇ ಹೇಳುವುದು ಅವರ ಕಸುಬು. ಟ್ಯಾಂಕು, ಕಂಬ, ಚೌಕಟ್ಟು, ಯಾವುದೇ ಇರಲಿ, ಅದರ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಮೇಲೆ ಭಾರ ಹೇರಿ, ಎಲ್ಲಿ ಬಾಗುತ್ತದೆ ಎಂದು ನೋಡುತ್ತಾರೆ. ಹಿಂದೆಲ್ಲ ಒಂದು ಲೆಕ್ಕಕ್ಕೆ ಮೇಜಿನ ಕೆಳಗಿನ ಯಂತ್ರ ಎರಡು ದಿನ ಬುಸುಗುಡುತ್ತಿತ್ತು. ಆ ಎರಡು ದಿನ ಸುಮ್ಮನಿರುವುದು ಈ ಮನುಷ್ಯನಿಂದ ಆಗುವ ಮಾತೇ? ಸ್ಕೂಟರ್ ಹತ್ತಿ ಕೆಲಸದ ಜಾಗಕ್ಕೇ ಹೋಗಿಬಿಡುತ್ತಿದ್ದರು. ಒಮ್ಮೆ ಸುರತ್ಕಲ್ಲಿನ ಒಂದು ಟ್ಯಾಂಕಿಗೆ ನಾಲ್ಕು ಕಾಲೆಂದು ಯಂತ್ರಕ್ಕೆ ಲೆಕ್ಕ ಕೊಟ್ಟು, ಹೋಗಿ ನೋಡಿದರೆ ನೆಲ ಮುಟ್ಟಿದ್ದು ಮೂರೇ ಕಾಲು. ಓಡಿ ಬಂದು ಯಂತ್ರ ನಿಲ್ಲಿಸಿ ಲೆಕ್ಕ ಬದಲಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಮೋಹನದಾಸರ ಲೆಕ್ಕ ತಪ್ಪುವುದಿಲ್ಲ ಎಂಬ ಹೆಸರು ಬಂದದ್ದು ಹೀಗೆ. ಆ ಹೆಸರಿನ ಮೇಲೆ ಅವರಿಗೆ ಪ್ರಾಣ.

ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಅಶ್ಮಿತಾ ಈ ಏರ್ಪಾಡನ್ನೇ ಬದಲಿಸಿದಳು. "ಒಂದೇ ಯಂತ್ರ ಯಾಕೆ ಸರ್? ಕ್ಲೌಡಿನಲ್ಲಿ ನೂರು ಯಂತ್ರ ಒಟ್ಟಿಗೆ ಬಾಡಿಗೆಗೆ ಸಿಗ್ತದೆ. ಕೆಲಸ ಮುಗಿದ ಕೂಡಲೇ ಬಿಟ್ಟುಬಿಡುವುದು."

"ಅದೆಲ್ಲ ಇರುವುದೆಲ್ಲಿ?"

"ಮುಂಬೈಯಲ್ಲಿ ಸರ್. ಎಲ್ಲಿದ್ದರೆ ಎಂತ?"

ಎರಡು ದಿನದ ಲೆಕ್ಕ ಇಪ್ಪತ್ತೈದು ನಿಮಿಷಕ್ಕಿಳಿಯಿತು. ಕೆಲಸ ಹೆಚ್ಚಿತು, ಗಿರಾಕಿಗಳು ಖುಷಿಯಾದರು. ಮೋಹನದಾಸರಿಗೆ ಮಾತ್ರ ಏನೋ ಕಳೆದುಹೋದ ಹಾಗೆ ಕಸಿವಿಸಿ. ಸ್ಕೂಟರಿನ ಕೀಲಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು.

ಆವತ್ತಿನದು ಹೊಳೆಯಾಚೆಯ ಬೆಂಗ್ರೆಯ ಕೆಲಸ. ಹವ್ವಮ್ಮ ಎಂಬ ವಿಧವೆಯ ಮರದ ಬೋಟನ್ನು ಮಳೆಗಾಲಕ್ಕೆ ಮುಂಚೆ ದುರಸ್ತಿಗಾಗಿ ದಡಕ್ಕೆತ್ತಬೇಕಿತ್ತು. ಎತ್ತುವವನು ಕ್ರೇನಿನ ರೂಬನ್. ಬೋಟಿನ ಅಡಿಗೆ ಹಾಕುವ ಬೆಲ್ಟುಗಳನ್ನು ತೂಗುಹಾಕಲು ಅವನೊಂದು ಹೊಸ ಕಬ್ಬಿಣದ ಚೌಕಟ್ಟು ಮಾಡಿಸಿದ್ದ. ಅದು ತಾಳುತ್ತದೆಂದು ಮೋಹನದಾಸರು ಸಹಿ ಹಾಕದೆ ಕ್ರೇನ್ ಅಲುಗಾಡುವಂತಿರಲಿಲ್ಲ. ಹುಣ್ಣಿಮೆಯ ಭರತ, ಅಂದರೆ ಕಡಲಿನ ಉಬ್ಬರ, ಹನ್ನೆರಡೂವರೆಗೆ. ನೀರು ಅಷ್ಟು ಏರಿದಾಗ ಮಾತ್ರ ಬೋಟು ದಡದ ಹತ್ತಿರ ಬರುತ್ತದೆ.

ಹತ್ತು ಗಂಟೆಗೆ ಅಶ್ಮಿತಾ ಲೆಕ್ಕ ಕಳಿಸಿದಳು. ಹತ್ತೂ ಇಪ್ಪತ್ತೈದಕ್ಕೆ ಪರದೆಯ ಮೇಲೆ ಚೌಕಟ್ಟು ಇಡೀ ಹಸಿರಾಯಿತು, ಎಲ್ಲ ಕ್ಷೇಮ. ಬೋಟಿನ ತೂಕ ಹದಿನೆಂಟು ಟನ್ ಎಂದಿತ್ತು. ಮೋಹನದಾಸರು ಅದನ್ನೂ ಓದಿದರು, ತಲೆಯಾಡಿಸಿದರು, ಸಹಿ ಹಾಕಿ ಕಳಿಸಿದರು.

ಕೆಲಸ ಮುಗಿಯಿತು. ಇನ್ನು ಚಾ ಕುಡಿದು ಕೂರಬಹುದಿತ್ತು. ಆದರೆ ಎದೆಯೊಳಗೆ ಯಾರೋ ಓಡಾಡಿದ ಹಾಗೆ. ಎರಡು ಸಲ ವರದಿ ತಿರುವಿದರು, ಏನೂ ಸಿಗಲಿಲ್ಲ. ಕಿಟಕಿಯಾಚೆ ಹೊಳೆ ಹೊಳೆಯುತ್ತಿತ್ತು.

"ನಾನೊಮ್ಮೆ ಹೋಗಿ ಬರ್ತೇನೆ."

"ಎಲ್ಲಿಗೆ ಸರ್? ರಿಪೋರ್ಟ್ ಹೋಯ್ತಲ್ಲ?"

"ಸುಮ್ಮನೆ ಮಾರಾಯ್ತಿ," ಎಂದು ಮೆಟ್ಟಿಲಿಳಿದರು.

ಫೆರಿಯಲ್ಲಿ ಜಾಗವಿದ್ದರೂ ನಿಂತೇ ಹೊಳೆ ದಾಟಿದರು. ಬೆಂಗ್ರೆಯ ದಡದಲ್ಲಿ ಕ್ರೇನ್ ಕತ್ತೆತ್ತಿ ನಿಂತಿತ್ತು. ರೂಬನ್ನನ ನಾಲ್ವರು ಆಳುಗಳು ಸೊಂಟದುದ್ದ ನೀರಿನಲ್ಲಿ ಬೋಟಿನ ಅಡಿಗೆ ಬೆಲ್ಟು ತೂರಿಸುತ್ತಿದ್ದರು. ಹವ್ವಮ್ಮ ಸೆರಗನ್ನು ತಲೆಗೆಳೆದುಕೊಂಡು ದಡದಲ್ಲಿ ನಿಂತಿದ್ದಳು.

ಮೋಹನದಾಸರ ಕಣ್ಣು ಬೋಟಿನ ಬದಿಗೆ ಬಿತ್ತು. ನೀರು ಎಲ್ಲಿಯವರೆಗೆ ಬರಬೇಕೆಂದು ಕಟ್ಟಿದವರು ಬಳಿದ ಕೆಂಪು ಗೆರೆ ಕಾಣಿಸಲೇ ಇಲ್ಲ. ಬಗ್ಗಿ ನೋಡಿದರೆ ಅದು ಒಂದು ಗೇಣು ನೀರಿನಡಿಯಲ್ಲಿತ್ತು, ಬೋಟು ಲೆಕ್ಕಕ್ಕಿಂತ ಭಾರವಿತ್ತು.

"ಹವ್ವಮ್ಮ, ಒಳಗೆ ಸಾಮಾನು ಉಂಟಾ?"

"ಎಂತ ಸಾಮಾನು ಇಂಜಿನಿಯರ್ರೇ? ಬಲೆ ತೆಗೆದಾಯ್ತು, ಐಸ್ ತೆಗೆದಾಯ್ತು, ಡೀಸೆಲ್ ಸಹ ಖಾಲಿ. ಒಂಬತ್ತು ವರ್ಷದಿಂದ ನೀರಲ್ಲೇ ಉಂಟಲ್ಲ, ಮರ ನೀರು ಕುಡಿಯದೆ ಇರ್ತದಾ?"

ತಪ್ಪಿದ್ದು ಎಲ್ಲೆಂದು ಅವರಿಗೆ ಆಗ ಹೊಳೆಯಿತು. ಅಶ್ಮಿತಾ ಮರದ ತೂಕವನ್ನು ಕಂಪ್ಯೂಟರಿನ ಪಟ್ಟಿಯಿಂದ ತೆಗೆದಿದ್ದಳು. ಅದು ಒಣಗಿದ ಮರದ ತೂಕ. ಅವಳಿಗೆ ಬೋಟು ಗೊತ್ತಿಲ್ಲ. ಹೊಳೆಯ ಬದಿಯಲ್ಲೇ ಹುಟ್ಟಿ ಬೆಳೆದ ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ತಲೆಯಾಡಿಸಿದ್ದರು.

"ರೂಬನ್, ನಿಲ್ಲಿಸು! ಎಲ್ಲರನ್ನೂ ಮೇಲೆ ಕರಿ!"

ರೂಬನ್ ಫೋನ್ ಎತ್ತಿ ತೋರಿಸಿದ. "ಎಂತ ಸರ್ ತಮಾಷೆ? ನೀರು ಏರಿ ಆಯ್ತು. ಆಗುತ್ತದೆ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?"

ದಡದಲ್ಲಿ ಇಪ್ಪತ್ತು ಮಂದಿ ಇದ್ದರು. ಎಲ್ಲರೂ ಇವರತ್ತ ತಿರುಗಿದರು. ಒಂದು ನೆಪ ಹೇಳಬಹುದಿತ್ತು, ಗಾಳಿ ಎನ್ನಬಹುದಿತ್ತು, ಹುಡುಗಿಯ ತಪ್ಪು ಎನ್ನಬಹುದಿತ್ತು.

"ನಾನೇ ಹಾಕಿದ್ದು. ನನ್ನ ಲೆಕ್ಕ ತಪ್ಪಿದೆ. ಎತ್ತಬೇಡ."

ಹವ್ವಮ್ಮನ ಮುಖ ಕೆಂಪೇರಿತು. "ಇವತ್ತು ಬಿಟ್ಟರೆ ಇನ್ನು ಅಮಾವಾಸ್ಯೆಗೆ! ಅಷ್ಟರಲ್ಲಿ ಮಳೆ ಹಿಡಿದರೆ ನನ್ನ ಬೋಟಿಗೆ ಯಾರು ಗತಿ?" ಎಂದು ಬಾಯಿಗೆ ಬಂದಂತೆ ಬೈದಳು. ಮೋಹನದಾಸರು ಬೈಸಿಕೊಂಡರು. ಬೈಸಿಕೊಳ್ಳುತ್ತಲೇ ನೀರಿಗಿಳಿದು, ಗೆರೆ ಎಷ್ಟು ಮುಳುಗಿದೆಯೆಂದು ಗೇಣಿನಿಂದ ಅಳೆದು, ಫೋನಿನಲ್ಲಿ ಅಶ್ಮಿತಾಗೆ ಹೊಸ ತೂಕ ಹೇಳಿದರು. ಇಪ್ಪತ್ತನಾಲ್ಕು ಟನ್.

ಆ ಇಪ್ಪತ್ತೈದು ನಿಮಿಷ ಅವರು ದಡದ ಉದ್ದಕ್ಕೂ ನಡೆದರು. ಲೆಕ್ಕ ಹಸಿರಾದರೆ ನಗೆಪಾಟಲು, ಕೆಂಪಾದರೆ ಮಾನ ಹೋದದ್ದೇ. ಯಾವುದು ಬರಲಿ ಎಂದು ಬೇಡಿಕೊಳ್ಳಬೇಕೋ ಅವರಿಗೇ ತಿಳಿಯಲಿಲ್ಲ.

ಫೋನ್ ಬಂತು. ಅಶ್ಮಿತಾಳ ದನಿ ಸಣ್ಣದಾಗಿತ್ತು. "ಸರ್, ಚೌಕಟ್ಟಿನ ಹಿಂದಿನ ಎರಡು ಕೊಂಡಿ ಕಿತ್ತು ಹೋಗ್ತದೆ. ಯಾರಾದರೂ ಅಡಿಯಲ್ಲಿ ಇದ್ದರಾ?"

ಫೋನಿನ ಸ್ಪೀಕರ್ ಹಾಕಿತ್ತು, ಎಲ್ಲರಿಗೂ ಕೇಳಿಸಿತು. ರೂಬನ್ ತನ್ನ ಫೋನನ್ನು ಕಿಸೆಗೆ ಹಾಕಿಕೊಂಡ. ನೀರಿನಿಂದ ಮೇಲೆ ಬಂದು ಬಟ್ಟೆ ಹಿಂಡುತ್ತಿದ್ದ ನಾಲ್ವರನ್ನು ಒಬ್ಬೊಬ್ಬರಾಗಿ ನೋಡಿದ. ಬೈಗುಳ ನಿಲ್ಲಿಸಿದ ಹವ್ವಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, "ನಿಮ್ಮನ್ನು ಇಲ್ಲಿಗೆ ಬರ್ಲಿಕ್ಕೆ ಹೇಳಿದ್ದು ಯಾರು?"

"ಯಾರೂ ಹೇಳಲಿಲ್ಲ," ಎಂದರು ಮೋಹನದಾಸರು. ಹಾಗೆ ಹೇಳಿ, ದಡದ ಮರಳಿನ ಮೇಲೆ ಕೂತುಬಿಟ್ಟರು.