ಹಾಲಿನ ಕ್ಯಾನಿನಲ್ಲಿ ಬಂದ ಎರೆಹುಳು

ಫ್ರೌಕೆ ಮದುವೆಯಾಗಿ ಬಂದಾಗ ಆ ಊರಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ಅದಕ್ಕೂ ಎಂಟು ವರ್ಷದ ಹಿಂದೆ ಅಲ್ಲಿ ದೋಣಿಗಳು ಮೀನು ಹಿಡಿಯುತ್ತಿದ್ದವು. ಸಮುದ್ರಕ್ಕೆ ಒಡ್ಡು ಕಟ್ಟಿ, ಪಂಪು ಹಾಕಿ ನೀರು ಹೊರದಬ್ಬಿದರು. ಕೆಸರು ಉಳಿಯಿತು, ಕೆಸರಿನಲ್ಲಿ ಜೊಂಡು ಬೆಳೆಯಿತು, ಆಮೇಲೆ ಸರಕಾರ ಜನರನ್ನು ಆರಿಸಿ ತಂದು ಕೂರಿಸಿತು. ಹದಿನಾಲ್ಕು ಮನೆ, ಒಂದು ಶಾಲೆ, ಒಂದು ಬ್ರೆಡ್ಡಿನ ಅಂಗಡಿ. ಸ್ಮಶಾನಕ್ಕೆ ಬೇಲಿ ಹಾಕಿದ್ದರು, ಒಳಗೆ ಯಾರೂ ಇರಲಿಲ್ಲ.

ಅವಳಿಗೂ ಗಂಡ ಸೀಬ್ರೆನ್‌ಗೂ ಸೇಬಿನ ತೋಟಕ್ಕೆ ಜಾಗ ಸಿಕ್ಕಿತು, ಗುತ್ತಿಗೆಗೆ. ಆರನೆಯ ವರ್ಷ ಗಿಡಗಳು ಸೊರಗಿದವು. ಉದುರಿದ ಎಲೆ, ಕೊಯ್ದ ಹುಲ್ಲು ಕೊಳೆಯದೆ ಚಾಪೆಯ ಹಾಗೆ ನಾಲ್ಕು ಬೆರಳು ದಪ್ಪ ಬಿದ್ದಿತ್ತು. ಸರಕಾರದ ಅಧಿಕಾರಿ ಬಂದು ನೋಡಿದ.

"ಎರಡು ವರ್ಷ ಕಾಯ್ತೀನಿ. ಸುಧಾರಿಸ್ಲಿಲ್ಲ ಅಂದ್ರೆ ಜಾಗ ಬೇರೆಯವರಿಗೆ."

ಅವನು ಹೋದ ಮೇಲೆ ಫ್ರೌಕೆ ಗುದ್ದಲಿ ಹಿಡಿದು ಏಳು ಕಡೆ ಅಗೆದಳು.

"ರೀ, ಇಲ್ಲಿ ಒಂದು ಎರೆಹುಳೂ ಇಲ್ಲ."

"ಸಮುದ್ರದ ತಳ ಕಣೇ," ಎಂದ ಸೀಬ್ರೆನ್. "ಕಪ್ಪೆಚಿಪ್ಪು ಬೇಕಾದ್ರೆ ಬುಟ್ಟಿಗಟ್ಟಲೆ ಇದೆ."

ಮುಂದಿನ ವಾರವೇ ಅವಳು ತವರಿಗೆ ಹೋದಳು. ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಹಾಲಿನ ಕ್ಯಾನು, ಅದರ ಬಾಯಿಗೆ ಒದ್ದೆ ಬಟ್ಟೆ. ನಿಲ್ದಾಣದಲ್ಲಿ ಪಕ್ಕದ ತೋಟದ ಕ್ರೈನ್ ನಿಂತಿದ್ದ.

"ಏನಮ್ಮಾ, ತವರಿಂದ ಬೆಣ್ಣೆ ತಂದ್ಯಾ?"

"ಹೂಂ ಕ್ರೈನಣ್ಣ, ಬ್ರೆಡ್ಡಿಗೆ ಹಚ್ಕೊಳ್ಳಿ," ಎಂದು ಬಟ್ಟೆ ಸರಿಸಿದಳು.

ಅವನು ಬಗ್ಗಿ ನೋಡಿ ಹೊಟ್ಟೆ ಹಿಡಿದು ನಕ್ಕ. "ಮೀನೆಲ್ಲ ಹೋಗಿ ಹದಿನಾಲ್ಕು ವರ್ಷ ಆದ್ಮೇಲೆ ಗಾಳಕ್ಕೆ ಹುಳ ತಂದಿದೀಯಲ್ಲಮ್ಮಾ!"

ಊರೆಲ್ಲ ಆಡಿಕೊಂಡಿತು. ಫ್ರೌಕೆ ಮೂಲೆಯ ಐದು ಗಿಡದ ಬುಡಕ್ಕೆ ಹುಳ ಬಿಟ್ಟು, ಅಲ್ಲೊಂದು ಗೂಟ ನೆಟ್ಟಳು. ವರ್ಷಕ್ಕೊಮ್ಮೆ ಅಗೆದು, ಹುಳ ಎಲ್ಲಿಯವರೆಗೆ ಸಿಕ್ಕಿತೋ ಅಲ್ಲಿಗೆ ಗೂಟ ಸರಿಸಿದಳು. ಮೊದಲ ವರ್ಷ ಆರು ಹೆಜ್ಜೆ. ಎರಡನೆಯ ವರ್ಷ ಹನ್ನೊಂದು.

ಹೇಳಿದ ಹಾಗೆ ಅಧಿಕಾರಿ ಬಂದ. ಫ್ರೌಕೆ ಅವನನ್ನು ಗೂಟದ ಹತ್ತಿರ ಕರೆದೊಯ್ದಳು. ಆ ಕಡೆ ಒಣ ಚಾಪೆ, ಬಡಕಲು ಗಿಡ. ಈ ಕಡೆ ಪುಡಿಪುಡಿ ಕಪ್ಪು ಮಣ್ಣು, ಕೊಂಬೆ ತುಂಬ ಎಳೆಗಾಯಿ. ಅವನು ಶರಾಯಿ ಕೊಳೆಯಾದರೂ ಮಂಡಿಯೂರಿ ಕೂತ.

"ತೋಟ ಪೂರ್ತಿ ಹಿಂಗಾಗೋಕೆ ಎಷ್ಟು ವರ್ಷ ಬೇಕಮ್ಮ?"

"ಹುಳ ತಾವಾಗೇ ನಡ್ಕೊಂಡು ಹೋದ್ರೆ ಹದಿನೆಂಟು. ನಾನು ಹೊತ್ತು ಹಾಕಿದ್ರೆ ನಾಲ್ಕು."

ಅವನು ಪುಸ್ತಕದಲ್ಲಿ ನಾಲ್ಕು ಎಂದು ಬರೆದುಕೊಂಡ.

ಶನಿವಾರ ಅಡುಗೆಮನೆಯ ಬಾಗಿಲಲ್ಲಿ ಕ್ರೈನ್ ಖಾಲಿ ಬಕೆಟ್ಟು ಹಿಡಿದು ನಿಂತಿದ್ದ.

"ಒಂಚೂರು ಬೆಣ್ಣೆ ಇದೆಯೇನಮ್ಮಾ?"

ಫ್ರೌಕೆ ಗುದ್ದಲಿ ತೆಗೆದುಕೊಂಡಳು. "ಬನ್ನಿ ಕ್ರೈನಣ್ಣ. ಗಾಳ ಎಲ್ಲಿ?"