ಕೇಸರಿ ಗೆರೆ

ದೀಪಗಳ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಪ್ರಯೋಗಾಲಯದವರೆಲ್ಲ ಒಪ್ಪಿದ್ದರು. ಎಲ್ಲರಿಗಿಂತ ಮೊದಲು ಒಪ್ಪಿದವರು ಅವರೇ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಲು ಹಿಂದೆ ಬೀರುವಿನಷ್ಟು ದೊಡ್ಡ ಯಂತ್ರ ಬೇಕಿತ್ತು. ಈಗ ಅದೇ ಕೆಲಸವನ್ನು ಉಗುರಿನಗಲದ ಗಾಜಿನ ಚಿಪ್ ಮಾಡುತ್ತದೆ. ದೂರದರ್ಶಕಕ್ಕೆ ಹೋಗುವ ಮುನ್ನ ಪ್ರತಿ ಚಿಪ್ಪನ್ನೂ ಕತ್ತಲೆ ಕೋಣೆಯಲ್ಲಿ ಬಗೆಬಗೆಯ ದೀಪಗಳ ಬೆಳಕು ಹಾಯಿಸಿ ಪರೀಕ್ಷಿಸಿ ಪಾಸು ಮಾಡುವುದು ಅವರ ಕೆಲಸ. ಪರದೆಯ ಮೇಲೆ ಬಣ್ಣದ ಗೆರೆ ಮೂಡಿದರೆ ಸಾಕು, ಇಂಥ ದೀಪದ್ದು ಎಂದು ಥಟ್ಟನೆ ಹೇಳುತ್ತಿದ್ದರು. ಹೀಗಾಗಿ ಎಲ್ಲರಿಗೂ ಅವರು ದೀಪದ ಮಾಮ.

ಚಿಪ್‌ಗಳ ಅಂಚು ಉಜ್ಜಿ ನುಣುಪು ಮಾಡುತ್ತಿದ್ದವಳು ಅವರ ನಾದಿನಿ, ಹೆಂಡತಿಯ ತಂಗಿ. ಕೆಲಸ ಕೊಡಿಸಿದವರೂ ಕಲಿಸಿದವರೂ ಮಾಮನೇ. ಆ ಚಳಿಗಾಲದಲ್ಲಿ ಅವಳ ಕೈಯಿಂದ ಬಂದ ಚಿಪ್‌ಗಳಲ್ಲೆಲ್ಲ ಬೇಡದ ಕೇಸರಿ ಗೆರೆಯೊಂದು ಕಾಣತೊಡಗಿತು. ಅಂಚು ಒರಟಾಗಿ ಬೆಳಕು ಚದುರುತ್ತಿದೆ ಎಂದು ಮಾಮ ತೀರ್ಮಾನಿಸಿದರು. ನಂಟಸ್ತಿಕೆ ನೋಡಿ ಬಿಟ್ಟರು ಎನಿಸಿಕೊಳ್ಳಬಾರದೆಂಬ ಬಿಗುಮಾನ ಬೇರೆ. ಎಲ್ಲರೂ ಕೂತಿದ್ದ ಸಭೆಯಲ್ಲೇ, "ಇವಳ ಕೈ ಈ ಕೆಲಸಕ್ಕೆ ಆಗಲ್ಲ," ಅಂದುಬಿಟ್ಟರು.  ಮರುದಿನದಿಂದ ಅವಳು ಪ್ಯಾಕಿಂಗ್ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತ ಕೂತಳು. ಮನೆಯಲ್ಲಿ ಹೆಂಡತಿ ಮಾತು ಬಿಟ್ಟಳು.

ಅವಳ ಜಾಗಕ್ಕೆ ಬಂದ ಹೊಸಬಳು ಉಜ್ಜಿದ ಚಿಪ್‌ನಲ್ಲೂ ಅದೇ ಗೆರೆ. ಮಾಮ ಅವಳನ್ನೂ ಗದರಿದರು.

ಚಳಿ ಕಡಿಮೆಯಾದ ಒಂದು ಬೆಳಿಗ್ಗೆ ಸೆಕೆ ಎನಿಸಿ, ಆ ವರ್ಷವೇ ಕೊಂಡು ಕಾಲು ಬೆಚ್ಚಗಿರಲೆಂದು ಮೇಜಿನಡಿ ಇಟ್ಟುಕೊಂಡಿದ್ದ ಹೀಟರನ್ನು ಆರಿಸಿದರು. ಕೇಸರಿ ಗೆರೆ ಮಾಯ. ಹಾಕಿದರು, ಬಂತು. ಆರಿಸಿದರು, ಹೋಯಿತು. ಹೀಟರಿನ ಸ್ವಿಚ್ಚಿನಲ್ಲಿ ಕೇಸರಿಯಾಗಿ ಉರಿಯುವ, ಕಾಳಿನಷ್ಟು ಚಿಕ್ಕ ನಿಯಾನ್ ದೀಪವಿತ್ತು. ಅದರ ಬೆಳಕೇ ಚಿಪ್ಪಿನೊಳಗೆ ನುಸುಳುತ್ತಿತ್ತು. ಅವರು ದಿನಾ ಅಳತೆಗೆ ಬಳಸುವುದೂ ನಿಯಾನನ್ನೇ. ನಿದ್ದೆಗಣ್ಣಲ್ಲೂ ಗುರುತಿಸಬೇಕಿದ್ದ ಗೆರೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸದ್ದಿಲ್ಲದೆ ಇದನ್ನು ಮನೆಗೊಯ್ದರೆ ಯಾರಿಗೂ ತಿಳಿಯದು ಎಂದು ವೈರು ಸುತ್ತಿಯೂ ಇಟ್ಟರು. ಹಾಗೆ ಸುತ್ತಿದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಕಡೆಗೆ ಮುಖ್ಯಸ್ಥೆಯ ಬಳಿ ಹೋಗಿ ಗುಟ್ಟಾಗಿ ಹೇಳಿದರು. ಅವಳನ್ನು ಅಂದದ್ದು ಎಲ್ಲರೆದುರು ತಾನೇ, ಇದನ್ನೂ ಅಲ್ಲೇ ಹೇಳಿ ಎಂದರು ಆಕೆ. ಮಾಮ ಹೀಟರನ್ನು ಕಂಕುಳಲ್ಲಿ ಇರುಕಿಕೊಂಡು ಸಭೆಯಲ್ಲಿ ನಿಂತರು.

"ಗೆರೆ ಬಂದಿದ್ದು ಇದರ ದೀಪದಿಂದ. ತಪ್ಪು ಅವಳದಲ್ಲ, ನಂದು."

ಯಾರೋ ಕಿಸಕ್ಕೆಂದರು. ನಾದಿನಿ ನಗಲಿಲ್ಲ.

ಅವಳು ತನ್ನ ಮೇಜಿಗೆ ಮರಳಿದಳು. ಮಾಮ ಹೀಟರನ್ನು ಮನೆಯ ಅಟ್ಟಕ್ಕೆ ಹಾಕಿದರು. ಮತ್ತೆ ಚಳಿ ಶುರುವಾದಾಗ ಒಂದು ಬೆಳಿಗ್ಗೆ ಕತ್ತಲೆ ಕೋಣೆಯ ಬಾಗಿಲು ತೆರೆದರೆ, ನಾದಿನಿ ಮೇಜಿನಡಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅಕ್ಕನಿಂದ ಹೀಟರ್ ಕೇಳಿ ತಂದು, ಅದರ ದೀಪದ ಮೇಲೆ ಪ್ಯಾಕಿಂಗಿನ ಕಪ್ಪು ಟೇಪನ್ನು ಉಗುರಿನಿಂದ ಒತ್ತಿ ಅಂಟಿಸುತ್ತಿದ್ದಳು.

"ಕಾಲು ತಣ್ಣಗಾಗುತ್ತೆ ಭಾವ, ಇಟ್ಕೊಳ್ಳಿ."

ಅವಳು ಬೈದಿದ್ದರೆ ತಲೆಯೆತ್ತಬಹುದಿತ್ತು. ಅವಳು ಹೋಗುವವರೆಗೂ ಮಾಮ ಪರದೆಯನ್ನೇ ನೋಡುತ್ತ ಕುಳಿತರು. ಪರದೆಯ ಸ್ವಿಚ್ಚನ್ನಿನ್ನೂ ಹಾಕಿರಲಿಲ್ಲ.